ಬೀಗದ ಫೈಲು

ಆಸ್ಪತ್ರೆಯ ನೆಲಮಾಳಿಗೆಯ ಕಂಪ್ಯೂಟರ್ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಸವೆಸಿದವಳಿಗೆ ಎಲ್ಲರೂ ಇಟ್ಟ ಹೆಸರು ಸರ್ವರಕ್ಕ. ಲ್ಯಾಬಿನ ವರದಿಗಳನ್ನು ವಾರ್ಡುಗಳಿಗೆ ತಲುಪಿಸುವ ಸರ್ವರ್ ಕೈಕೊಟ್ಟಾಗಲೆಲ್ಲ ಖಾಲಿ ಯಂತ್ರವೊಂದರಲ್ಲಿ ಅದನ್ನು ಮೊದಲಿನಿಂದ ಕಟ್ಟಿ ನಿಲ್ಲಿಸುತ್ತಿದ್ದವಳು ಅವಳೇ. ಎಂಬತ್ತು ಚಿಲ್ಲರೆ ಹಂತಗಳು, ಎಲ್ಲವೂ ಬಾಯಿಪಾಠ.

ಈಗ ಅವನ್ನೆಲ್ಲ ಒಂದು ಸ್ಕ್ರಿಪ್ಟಿಗೆ ಇಳಿಸಲು ಗುತ್ತಿಗೆ ಕಂಪನಿಯಿಂದ ಎಂಜಿನಿಯರೊಬ್ಬ ಬಂದಿದ್ದ. ಒಂದು ಗುಂಡಿ ಒತ್ತಿದರೆ ಯಂತ್ರ ತಾನಾಗಿಯೇ ಸಿದ್ಧವಾಗಬೇಕು. ಮೂರು ವಾರ ಅವಳು ಹೇಳಿದಳು, ಅವನು ಬರೆದ. ಸ್ಕ್ರಿಪ್ಟ್ ಗೆದ್ದರೆ ತನ್ನ ಹುದ್ದೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಗಂಡ ಉಬ್ಬಸದಿಂದ ಹಾಸಿಗೆ ಹಿಡಿದಿದ್ದ. ದುಡಿಯುವ ಕೈ ಅವಳದೊಂದೇ. ಎಂಜಿನಿಯರನಿಗೂ ಅದು ತಿಳಿದಿತ್ತು. ಎ.ಸಿ.ಯ ಕೊರೆಯುವ ಗಾಳಿ ನೇರ ಬಡಿಯುವ ಕುರ್ಚಿ ಅವಳ ಪಾಲಿಗೆ ಬರದಿರಲೆಂದು ದಿನವೂ ತಾನೇ ಮೊದಲು ಹೋಗಿ ಅಲ್ಲಿ ಕೂರುತ್ತಿದ್ದ.

ನಾಲ್ಕು ದಿನದಿಂದ ಸ್ಕ್ರಿಪ್ಟ್ ಸೋಲುತ್ತಿತ್ತು. ಪರದೆಯ ಮೇಲೆ ಎಲ್ಲ ಹಂತವೂ ಹಸಿರು. ಕೊನೆಗೆ ವರದಿಯ ಪ್ರೋಗ್ರಾಂ ಮಾತ್ರ ಮೂಕ.

"ಅಕ್ಕ, ಈ ಸರ್ವರ್ ನಾಯಿ ಥರ. ನಿಮ್ಮನ್ನ ಕಂಡ್ರೆ ಬಾಲ ಅಲ್ಲಾಡಿಸುತ್ತೆ, ನನ್ನ ಕಂಡ್ರೆ ಗುರ್ ಅನ್ನುತ್ತೆ."

"ಹತ್ತೊಂಬತ್ತು ವರ್ಷ ಅನ್ನ ಹಾಕಿದೀನಲ್ಲಪ್ಪ."

ಆ ಬೆಳಿಗ್ಗೆ ಮ್ಯಾನೇಜರ್ ಬಾಗಿಲಲ್ಲೇ ನಿಂತು ಎಂಜಿನಿಯರನಿಗೆ ಹೇಳಿದರು: "ಸಾಯಂಕಾಲದೊಳಗೆ ಆಗದಿದ್ರೆ ಗಂಟುಮೂಟೆ ಕಟ್ಟಿ. ಹಳೇ ಪದ್ಧತೀನೇ ಇರಲಿ."

ಮಧ್ಯಾಹ್ನ ಎಂಜಿನಿಯರ್ ಚಹಾ ತರಲು ಹೋದ. ಸುಮ್ಮನೆ ಕೂರಲಾಗದೆ ಅವಳು ಬೆಳಿಗ್ಗೆಯಿಂದ ಇನ್ನೊಂದು ಖಾಲಿ ಯಂತ್ರವನ್ನು ಕೈಯಿಂದಲೇ ಕಟ್ಟುತ್ತ ಬಂದಿದ್ದಳು. ಈಗ ಕೊನೆಯಲ್ಲಿ ಪ್ರೋಗ್ರಾಂ ಮೂಕವಾಗಿಯೇ ಇತ್ತು. ಆಗ ಅವಳ ಬೆರಳುಗಳು, ಅವಳನ್ನು ಕೇಳದೆಯೇ, ಎರಡು ಸಾಲು ಟೈಪು ಮಾಡಿದವು. ಪ್ರೋಗ್ರಾಂ ಎದ್ದಿತು.

ಕೆಂಡ ಮುಟ್ಟಿದವಳಂತೆ ಅವಳು ಕೈ ಹಿಂತೆಗೆದಳು. ಮೊದಲ ಸಲ ಏಳುವಾಗ ಆ ಪ್ರೋಗ್ರಾಂ 'ನಾನು ಕೆಲಸದಲ್ಲಿದ್ದೇನೆ' ಎಂದು ಒಂದು ಬೀಗದ ಫೈಲು ಇಡುತ್ತದೆ; ಮರುಕ್ಷಣ ಅದನ್ನೇ ಬೇರೆ ಯಾರದೋ ಎಂದುಕೊಂಡು ಕಾಯುತ್ತ ಕೂರುತ್ತದೆ. ಇಷ್ಟು ವರ್ಷವೂ ಅವಳು ಆ ಫೈಲನ್ನು ಅಳಿಸಿ ಮತ್ತೆ ಎಬ್ಬಿಸುತ್ತಿದ್ದಳು. ಕೈಗೆ ಗೊತ್ತಿದ್ದದ್ದು ಬಾಯಿಗೆ ಬಂದಿರಲೇ ಇಲ್ಲ.

ಯಾರೂ ನೋಡಿರಲಿಲ್ಲ. ಸಾಯಂಕಾಲದವರೆಗೆ ಬಾಯಿಗೆ ಬೀಗ ಹಾಕಿಕೊಂಡರೆ ಸಾಕಿತ್ತು.

ಹೋದ ವರ್ಷ ತಾನು ಜ್ವರದಿಂದ ಮಲಗಿದ್ದಾಗ ಸರ್ವರ್ ಕೂತುಬಿಟ್ಟದ್ದು ನೆನಪಾಯಿತು. ಹೊರಗಿನಿಂದ ಕರೆಸಿದ ತಂತ್ರಜ್ಞರಿಗೂ ಅದು ಮಣಿದಿರಲಿಲ್ಲ. ಮೂರು ದಿನ ನರ್ಸುಗಳು ಚೀಟಿ ಹಿಡಿದು ಮೆಟ್ಟಿಲು ಹತ್ತಿ ಇಳಿದಿದ್ದರು. ಒಬ್ಬ ತಾಯಿ ಮಗುವಿನ ರಕ್ತದ ವರದಿಗಾಗಿ ಸಂಜೆವರೆಗೆ ನಿಂತೇ ಇದ್ದಳಂತೆ. ಕೂರಮ್ಮ ಎಂದರೂ ಕೂರಲಿಲ್ಲವಂತೆ.

ಎಂಜಿನಿಯರ್ ಎರಡು ಲೋಟ ಹಿಡಿದು ಬಂದ.

"ಬೀಗದ ಫೈಲು ಅಳಿಸಬೇಕು ಕಣಪ್ಪ. ಅಳಿಸಿ ಮತ್ತೆ ಎಬ್ಬಿಸಬೇಕು. ಅಷ್ಟೇ ಬಿಟ್ಟುಹೋಗಿದ್ದು."

ಅವನು ಲೋಟ ಕೆಳಗಿಟ್ಟ. ಒಂದನ್ನು ಅವಳತ್ತ ಸರಿಸಿದ.

"ಅಕ್ಕ, ನನಗೆ ಕೇಳಿಸ್ಲಿಲ್ಲ. ಚಹಾ ಕುಡೀರಿ."

"ಕೇಳಿಸ್ತು. ಬರಿ."

ಅವನು ಎರಡು ಸಾಲು ಸೇರಿಸಿದ. ಹನ್ನೊಂದು ನಿಮಿಷದಲ್ಲಿ ಯಂತ್ರ ಸಿದ್ಧವಾಯಿತು. ಸುದ್ದಿ ಕೇಳಿ ಬಂದ ಮ್ಯಾನೇಜರ್ ಅವನ ಬೆನ್ನು ತಟ್ಟಿದರು. "ತಿಂಗಳ ಕೊನೇವರೆಗೆ ಇರಿ ಮೇಡಂ," ಎಂದು ಗೋಡೆಗೆ ಹೇಳಿ ಹೊರಟುಹೋದರು.

"ಇನ್ನೊಂದು ಸಲ ಓಡಿಸು," ಅವಳೆಂದಳು. "ಒಂದೇ ಸಲಕ್ಕೆ ಇದನ್ನ ನಂಬಬಾರದು."

ಅವನು ಎಲ್ಲವನ್ನೂ ಅಳಿಸಿ ಮತ್ತೆ ಗುಂಡಿ ಒತ್ತಿದ. ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ. ಸಾಲುಗಳು ಒಂದೊಂದಾಗಿ ಹಸಿರಾಗುತ್ತಿದ್ದವು. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು.