ಎರಡು ರಾಹುಕಾಲಗಳ ನಡುವೆ

ಬುಕಿತ್ ಬಾಟೋಕಿನ ಆ ಊಟದ ಡಬ್ಬಿಗಳ ಅಡುಗೆಮನೆಯಲ್ಲಿ ಗುರುವಾರಕ್ಕೆ ಎರಡು ರಾಹುಕಾಲ. ಒಲೆಯ ಮುಂದಿರುವ ಪದ್ಮಿನಿ ಆಂಟಿಯದು ಗೋಡೆ ಗಡಿಯಾರದ ಪ್ರಕಾರ, ಒಂದೂವರೆಯಿಂದ ಮೂರು. ವ್ಯಾನ್ ಓಡಿಸುವ ದಿವಾಕರ ಅಂಕಲ್‌ದು ಇಲ್ಲಿಗಿಂತ ಎರಡೂವರೆ ಗಂಟೆ ಹಿಂದಿರುವ ಇಂಡಿಯಾ ಟೈಮು. ಪಂಚಾಂಗ ಅಚ್ಚಾಗುವುದು ಅಲ್ಲಿ, ಹಾಗಾಗಿ ರಾಹುವೂ ಅಲ್ಲಿನ ಗಡಿಯಾರವನ್ನೇ ನೋಡುತ್ತಾನೆ ಎಂಬುದು ಅವರ ವಾದ. ಅವರ ಲೆಕ್ಕಕ್ಕೆ ನಾಲ್ಕರಿಂದ ಐದೂವರೆ. ಬೇರೆ ದಿನ ಒಬ್ಬರಿಗೊಬ್ಬರು ಕಾಫಿ ಬೆರೆಸಿ ಕೊಡುವ ಇಬ್ಬರೂ ಗುರುವಾರ ಬಂತೆಂದರೆ ಎಣ್ಣೆ-ಸೀಗೆಕಾಯಿ. ಅಂದೇ ಟೋಟೊ ಲಾಟರಿಯ ಚೀಟಿ ಕೊಳ್ಳುವ ದಿನ.

ಅವರಿಬ್ಬರು, ಡಬ್ಬಿ ತುಂಬುವ ಯಶ್, ತರಕಾರಿ ಹೆಚ್ಚುವ ಮಹಿಮಾ ವಾರಕ್ಕೆ ತಲಾ ಒಂದು ಡಾಲರ್ ಹಾಕುತ್ತಿದ್ದರು. ದುಡ್ಡು ಮೊದಲು, ಚೀಟಿ ಆಮೇಲೆ. ಯಾರ ಸಂಖ್ಯೆಗೆ ಬಂದರೂ ಸಮಪಾಲು. ಚೀಟಿ ಕೊಂಡ ಮೇಲೆ ಅದರ ಫೋಟೊ ನಾಲ್ವರ ಫೋನಿಗೂ ಹೋಗಬೇಕು. ಚೀಟಿ ತರುವುದು ಮಹಿಮಾ, ಲೆಕ್ಕದ ಪುಸ್ತಕವೂ ಅವಳ ಕೈಲಿ. ಕೊಟ್ಟವರು ಅಂಕಲ್ಲೇ, ಬಾಯಿಲ್ಲದವಳ ಹತ್ತಿರ ಲೆಕ್ಕ ಭದ್ರವಾಗಿರುತ್ತದೆ ಎಂದು ನಕ್ಕಿದ್ದರು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಮಹಿಮಾಳಿಗೆ ಅದುವರೆಗೆ ಯಾರೂ ಇದನ್ನು ಬರೆದಿಡು ಎಂದು ಹೇಳಿರಲಿಲ್ಲ. ಗೆರೆ ಹಾಕಿ, ಹೆಸರು ಬರೆದು, ಚೀಟಿ ಕೊಂಡ ಹೊತ್ತನ್ನೂ ಅಂಚಿನಲ್ಲಿ ಸಣ್ಣದಾಗಿ ಬರೆಯುತ್ತಿದ್ದಳು. ಆ ಪುಸ್ತಕ ಕೈಬಿಟ್ಟು ಹೋಗದಿದ್ದರೆ ಸಾಕು ಎನ್ನುವುದೇ ಅವಳ ಆಸೆ.

ಒಂದೂವರೆಯವರೆಗೆ ಅಡುಗೆಮನೆಯಲ್ಲಿ ಬಿಡುವಿಲ್ಲ. ಮೂರರಿಂದ ನಾಲ್ಕರವರೆಗೆ ಡಬ್ಬಿ ತೊಳೆಯುವ ಹೊತ್ತು. ಆರಕ್ಕೆ ಚೀಟಿ ಮಾರಾಟ ಮುಗಿಯುತ್ತದೆ. ಎರಡು ರಾಹುಕಾಲ ಕಳೆದರೆ ಅವಳಿಗೆ ಉಳಿಯುತ್ತಿದ್ದುದು ಕೊನೆಯ ಅರ್ಧ ಗಂಟೆ.

ಆ ಗುರುವಾರ ಕರಿಬೇವು ತರಲು ಹೋದಾಗ ನಾಲ್ಕು ಗಂಟೆ. ಎರಡು ಸಲದಿಂದ ದೊಡ್ಡ ಬಹುಮಾನ ಯಾರಿಗೂ ಬಿದ್ದಿರದೆ ಮೊತ್ತ ಬೆಳೆದಿತ್ತು. ಟೋಟೊ ಅಂಗಡಿಯ ಸಾಲು ಆಗಲೇ ಪಕ್ಕದ ವಸತಿ ಬ್ಲಾಕಿನ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್‌ವರೆಗೆ ಬಂದಿತ್ತು. ಆಫೀಸು ಬಿಡುವ ಹೊತ್ತಿಗೆ ಅದು ಎಲ್ಲಿಗೆ ಮುಟ್ಟುತ್ತದೆ ಎಂದು ಮಹಿಮಾ ಕಣ್ಣಳತೆಯಲ್ಲೇ ಲೆಕ್ಕ ಹಾಕಿದಳು. ಐದೂವರೆಗೆ ಬಂದರೆ ಈ ವಾರ ಚೀಟಿಯೇ ಇಲ್ಲ. ಸಾಲಿನಲ್ಲಿ ನಿಂತುಬಿಟ್ಟಳು. ಚೀಟಿ ಕೈಗೆ ಬಂದಾಗ ನಾಲ್ಕೂ ಇಪ್ಪತ್ತು. ಫೋಟೊ ಕಳಿಸಿದ್ದು ಮಾತ್ರ ಐದೂ ಮೂವತ್ತೈದಕ್ಕೆ.

ಸಂಜೆಯ ಡ್ರಾದಲ್ಲಿ ಚೀಟಿಯ ನಾಲ್ಕು ಸಂಖ್ಯೆ ಹೊಂದಿ ಐವತ್ತು ಡಾಲರ್ ಬಂತು.

ಮರುದಿನ ಡಬ್ಬಿಗಳು ವ್ಯಾನ್ ಹತ್ತುವ ಮೊದಲು ಅಂಕಲ್ ಎಲ್ಲರನ್ನೂ ಕರೆದು ನಿಲ್ಲಿಸಿದರು. ಐವತ್ತಲ್ಲ, ಐದು ಲಕ್ಷ ಬಂದವರ ಗತ್ತು. ಆಂಟಿ ಒಗ್ಗರಣೆ ಸೌಟನ್ನು ಕೆಳಗಿಡದೆ ಕೇಳುತ್ತಿದ್ದರು.

"ಬರ್ಕೋ ಮಹಿಮಾ," ಎಂದರು ಅಂಕಲ್. "ಇಂಡಿಯಾ ಟೈಮ್ ಫಾಲೋ ಮಾಡಿದ್ದಕ್ಕೇ ಬಂತು. ಇನ್ಮೇಲೆ ಅದೇ ರೂಲ್."

ಮಹಿಮಾ ಪೆನ್ನು ತೆಗೆದಳು. ಪೆನ್ನು ಮುಂದಕ್ಕೆ ಹೋಗಲಿಲ್ಲ.

"ಅಂಕಲ್, ನಾನು ತಗೊಂಡಿದ್ದು ನಾಲ್ಕೂ ಇಪ್ಪತ್ತಕ್ಕೆ. ನಿಮ್ಮ ರಾಹುಕಾಲದಲ್ಲೇ."

ಕುಕ್ಕರ್ ಒಂದು ಸಲ ಕೂಗಿ ಸುಮ್ಮನಾಯಿತು. ಆಂಟಿಯ ಮುಖ ಮಾತ್ರ ಅರಳಿತು. "ಅಂದ್ರೆ ನನ್ನದೇ ಕರೆಕ್ಟು. ಮೂರಕ್ಕೇ ಮುಗ್ದೋಗಿತ್ತಲ್ಲ."

ಅಲ್ಲಿಗೇ ಬಿಡಬಹುದಿತ್ತು. ಆದರೆ ಒಬ್ಬರಿಗೆ ನಿಜ ಹೇಳಿ ಇನ್ನೊಬ್ಬರಿಗೆ ಬಚ್ಚಿಡುವುದು ಹೇಗೆ?

"ಹೋದ ತಿಂಗಳು ಹತ್ತು ಡಾಲರ್ ಬಂತಲ್ಲ ಆಂಟಿ, ಅದನ್ನ ಎರಡು ಗಂಟೆಗೆ ತಗೊಂಡಿದ್ದು. ಅವತ್ತು ಕ್ಯೂ ಇರ್ಲಿಲ್ಲ."

ಯಶ್ ಮುಚ್ಚಳ ಹಾಕುತ್ತಿದ್ದ ಡಬ್ಬಿಯ ಮೇಲೆ ಬಿದ್ದು ನಕ್ಕ. "ಹಂಗಿದ್ರೆ ರಾಹೂಗೂ ಒಂದು ಶೇರ್ ಕೊಡ್ಬೇಕು ಲಾ."

ಮಹಿಮಾ ನಗಲಿಲ್ಲ. ಹೇಳದೆ ಮಾಡಿದ್ದು ತನ್ನ ತಪ್ಪು, ಇನ್ನು ಬೇರೆ ಯಾರಾದರೂ ಇಟ್ಟುಕೊಳ್ಳಲಿ ಎಂದು ಪುಸ್ತಕವನ್ನು ಅಂಕಲ್ ಮುಂದೆ ಸರಿಸಿದಳು.

ಅಂಕಲ್ ಕನ್ನಡಕ ಏರಿಸಿ ಪುಟ ತಿರುವಿದರು. ಪ್ರತಿ ಪುಟದಂಚಿನಲ್ಲೂ ಹೊತ್ತು ಇತ್ತು; ಎರಡು ಗಂಟೆಯೂ, ನಾಲ್ಕೂ ಇಪ್ಪತ್ತೂ. ಮಸಾಲೆ ಡಬ್ಬಗಳ ಪಕ್ಕ ಮೂರು ತಿಂಗಳು ಬಿದ್ದಿದ್ದ ಪುಸ್ತಕವನ್ನು ಯಾರೂ ತೆರೆದು ನೋಡಿರಲಿಲ್ಲ, ಅಷ್ಟೇ.

"ಮುಂದಿನ ವಾರ ಯಾವಾಗ ತಗೋತೀಯ?" ಎಂದು ಕೇಳಿದರು.

"ಕ್ಯೂ ಇಲ್ದಾಗ."

ಅಂಕಲ್ ಪುಸ್ತಕ ಮುಚ್ಚಿ ಅವಳ ಕೈಗೇ ಕೊಟ್ಟು, ಅದರ ಮೇಲೆ ಒಂದು ಡಾಲರ್ ನಾಣ್ಯ ಇಟ್ಟರು. ಯಶ್ ಇಟ್ಟ. ಆಂಟಿ ಸೆರಗಿಗೆ ಕೈ ಒರೆಸಿಕೊಂಡು, ನಾಣ್ಯ ತೆಗೆದು, ಗೋಡೆ ನೋಡಿದರು. ಹತ್ತೂ ಮುಕ್ಕಾಲು. ಅವರ ಶುಕ್ರವಾರದ ರಾಹುಕಾಲ ಹಿಡಿದು ಕಾಲು ಗಂಟೆಯಾಗಿತ್ತು. ಗಡಿಯಾರ ನೋಡಿಯೇ ಇಲ್ಲವೆಂಬಂತೆ ನಾಣ್ಯ ಇಟ್ಟು ಒಲೆಯ ಕಡೆ ತಿರುಗಿದರು.

ಮಹಿಮಾ ಹೆಸರು ಬರೆದುಕೊಂಡಳು. ಅಂಚಿನಲ್ಲಿ ಹೊತ್ತನ್ನೂ.