ಹಾಲಿನ ಕೋಣೆ

"ಇದೇನ್ ಆಫೀಸಾ, ದನದ ಕೊಟ್ಟಿಗೆನಾ?"

ಬಾಗಿಲು ತಳ್ಳಿದ ದೊಡ್ಡ ಸಾಹೇಬರು ಗೋಡೆ ಕಡೆ ಮುಖ ತಿರುಗಿಸಿಕೊಂಡು ಕೇಳಿದರು. ನಾನು ಸರ್ವರ್ ಕೋಣೆಯ ಮೂಲೆಯಲ್ಲಿ, ರಟ್ಟಿನ ಪೆಟ್ಟಿಗೆಯ ಮೇಲೆ ಶಾಲು ಹೊದ್ದು ಕೂತು, ಮಗಳಿಗೆಂದು ಎದೆಹಾಲು ಪಂಪ್ ಮಾಡಿಕೊಳ್ಳುತ್ತಿದ್ದೆ.

"ಈ ಮಿಷನ್‌ಗಳ ಬೆಲೆ ಗೊತ್ತೇನಮ್ಮಾ? ಒಂದು ತೊಟ್ಟು ಚೆಲ್ಲಿದ್ರೆ? ಟಾಯ್ಲೆಟ್ ಇಲ್ವಾ ಇದಕ್ಕೆ?"

"ಸಾರಿ ಸಾರ್."

ಆ ಮಿಷನ್‌ಗಳಿಗೆ ಸೆಕೆಯಾಗದಂತೆ ಕಾಯುವ ಪ್ರೋಗ್ರಾಂ ಬರೆದವಳು ನಾನೇ. ಅವು ಕೊಂಚ ಬಿಸಿಯಾದರೂ ಇಡೀ ತಂಡದ ಫೋನು ಬಡಿದುಕೊಳ್ಳುತ್ತದೆ. ನನ್ನ ರವಿಕೆ ಒದ್ದೆಯಾದರೆ ಯಾರ ಫೋನೂ ಬಡಿದುಕೊಳ್ಳುವುದಿಲ್ಲ. ಅದಕ್ಕೆ ಪ್ರೋಗ್ರಾಂ ಬರೆದಿಲ್ಲವಲ್ಲ, ತಪ್ಪು ನನ್ನದೇ.

ತಾಯಂದಿರಿಗೆಂದೇ ಒಂದು ಕೋಣೆಯಿತ್ತು. ಚಿಲಕ, ಕುರ್ಚಿ, ಪುಟ್ಟ ಫ್ರಿಜ್ಜು. ಕಳೆದ ತಿಂಗಳು ಸಾಹೇಬರು ಅದನ್ನು ತಮ್ಮ ಧ್ಯಾನಕ್ಕೆ ತೆಗೆದುಕೊಂಡರು. ಸುಳ್ಳು ಹೇಳಬಾರದು, ನನ್ನನ್ನು ಕೇಳಿಯೇ ತೆಗೆದುಕೊಂಡರು. "ಅಯ್ಯೋ, ಪರವಾಗಿಲ್ಲ ಸಾರ್" ಅಂದಿದ್ದೆ. ಪರವಾಗಿಲ್ಲ ಅನ್ನುವುದರಲ್ಲಿ ನನಗೆ ಮೊದಲ ರ‍್ಯಾಂಕು.

ಹೊರಗೆ ನೆಲ ಒರೆಸುತ್ತಿದ್ದ ಅಕ್ಕ ನನ್ನ ಕೈಯಲ್ಲಿದ್ದ ಬಾಟಲಿ ನೋಡಿದಳು.

"ಇಷ್ಟೇನಾ? ಹಿಂಗೆ ಅರ್ಧಕ್ಕೇ ನಿಲ್ಲಿಸ್ತಿದ್ರೆ ಬತ್ತೋಗುತ್ತೆ ನೋಡು."

"ಟಾಯ್ಲೆಟ್‌ಗೆ ಹೋಗು ಅಂದ್ರು."

"ಅವ್ನು ಅಲ್ಲಿ ಕೂತು ಊಟ ಮಾಡ್ತಾನಾ ಕೇಳು! ಧ್ಯಾನ ಅಂತೆ ಧ್ಯಾನ. ಗೊರಕೆ ಹೊಡೀತಾನೆ ಮುಂಡೇಗಂಡ. ದಿಂಬಿನ ಜೊಲ್ಲು ಒರೆಸೋಳು ನಾನು."

"ಮೆಲ್ಲಗೆ ಅಕ್ಕಾ..."

"ಎಂಜಿನಿಯರಮ್ಮಾ, ಅಷ್ಟೊಂದು ಓದಿದ್ದು ಮೆಲ್ಲಗೆ ಮಾತಾಡೋಕಾ?"

ಅಷ್ಟರಲ್ಲಿ ಅಮ್ಮನ ಫೋನು. "ಬಾಟ್ಲಿ ಹಾಲು ಮುಗೀತು ಕಣೇ. ಪುಡಿ ಹಾಲು ಕೊಟ್ರೆ ಕಕ್ಕಿಬಿಡ್ತಾಳೆ. ಅತ್ತೂ ಅತ್ತೂ ಬೆರಳು ಚೀಪ್ತಾ ಮಲಗಿದಾಳೆ. ಬೇಗ ಬಾರೇ."

ಬೇಗ ಹೋಗುವುದೆಲ್ಲಿಂದ ಬಂತು? ಮಧ್ಯಾಹ್ನ ಮೀಟಿಂಗು. ಪರದೆಯ ಮೇಲೆ 'ನಾವೆಲ್ಲ ಒಂದೇ ಕುಟುಂಬ' ಎಂಬ ಅಕ್ಷರಗಳು. ಅದರ ಮುಂದೆ ನಿಂತು ಸಾಹೇಬರು ಮೇಜು ಗುದ್ದಿದರು.

"ಇವತ್ತಿನ ಕೆಲಸ ಮುಗಿಯೋವರೆಗೂ ಯಾರೂ ಕುರ್ಚಿ ಬಿಟ್ಟು ಏಳ್ಬಾರ್ದು!"

ಮೊದಲೇ ನಾನು ದೊಡ್ಡವರ ಮಾತು ಮೀರದವಳು. ಏಳಲಿಲ್ಲ. ಚೀಲದಿಂದ ಪಂಪು ತೆಗೆದೆ, ಶಾಲು ಹೊದ್ದೆ, ಗುಂಡಿ ಒತ್ತಿದೆ. ಗುರ್‍... ಗುರ್‍... ಪಕ್ಕದವನು ಏಸಿ ಕೆಟ್ಟಿತೆಂದು ಮೇಲೆ ನೋಡಿದ.

"ಏನದು ಸದ್ದು?" ಸಾಹೇಬರು ಕೇಳಿದರು.

"ಹಾಲು ಸಾರ್." ವೀರವನಿತೆಯಂತೆ ಹೇಳಬೇಕೆಂದಿದ್ದೆ. ಬೆಕ್ಕಿನ ಮರಿಯ ಸ್ವರ ಹೊರಟಿತು.

ಸಾಹೇಬರ ಮುಖ ಕೆಂಪಾಯಿತು. "ಎಲ್ಲರ ಎದುರಿಗಾ? ಮಾನ ಮರ್ಯಾದೆ ಇಲ್ವಾ? ಹೋಗಮ್ಮಾ ಹೊರಗೆ!"

"ಎಲ್ಲಿಗೆ ಸಾರ್?"

ಪಂಪು ಗುರುಗುಟ್ಟುತ್ತಲೇ ಇತ್ತು. ಒಂದು ಬಾಟಲಿ ತುಂಬಿತು. ಮುಚ್ಚಳ ಬಿಗಿದು, ಮೇಜಿನ ಮೇಲಿದ್ದ ಸಾಹೇಬರ ಕಾಗದಗಳನ್ನು ಕೊಂಚ ಸರಿಸಿ ಅಲ್ಲಿಟ್ಟೆ. ಇನ್ನೊಂದು ಬದಿ ಬಾಕಿಯಿತ್ತು. ಶಾಲಿನೊಳಗೇ ಪಂಪನ್ನು ಆ ಕಡೆಗೆ ಬದಲಿಸಿಕೊಂಡೆ.