ಸೋಪಕ್ಕನ ಪಾಸು

“ಕೂತ್ಕೊಳ್ಳಿ ಮೇಡಂ,” ಎಂದು ಅಳಿಯ ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಬಾಚಿ ಪಕ್ಕಕ್ಕೆ ಹಾಕಿದ. “ಯಾವ ಸ್ಟೇಷನ್ನಲ್ಲಿ ಇದ್ರಿ ನೀವು? ನಮ್ಮತ್ತೆ ಬೆಳಗಾದ್ರೆ ಇನ್‌ಸ್ಪೆಕ್ಟ್ರು, ಇನ್‌ಸ್ಪೆಕ್ಟ್ರು ಅಂತಿದ್ರು.”

ಇನ್‌ಸ್ಪೆಕ್ಟರಮ್ಮನಿಗೆ ನಗು ಬಂತು. ಸಾವಿನ ಮನೆಯಲ್ಲಿ ನಕ್ಕರೆ ಏನಂದುಕೊಂಡಾರು ಎಂದು ಕರವಸ್ತ್ರ ಬಾಯಿಗೆ ಹಿಡಿದಳು.

“ಪೊಲೀಸಲ್ಲಪ್ಪ. ನಿಮ್ಮತ್ತೆ ಜೊತೆ ಶಿಶುವಿಹಾರದಲ್ಲಿದ್ದೆ. ಮಕ್ಕಳ ಮೂಗು ಒರೆಸೋ ಇಲಾಖೆ.”

ಅಳಿಯ ಪೆಚ್ಚಾದ. ಆದರೂ ಕೊಟ್ಟ ಕುರ್ಚಿಯನ್ನು ವಾಪಸು ತೆಗೆದುಕೊಳ್ಳಲಿಲ್ಲ, ಒಳ್ಳೆಯ ಹುಡುಗ. ಗಾಡಿ ಹನ್ನೊಂದಕ್ಕೆ ಬರುತ್ತದೆ ಎಂದು ಹೇಳಿ ಬಾಗಿಲ ಕಡೆ ಹೋದ. ಗೋಡೆ ಗಡಿಯಾರದಲ್ಲಿ ಹತ್ತಾಗಿತ್ತು.

ನಡುಮನೆಯಲ್ಲಿ ಸೋಪಕ್ಕನನ್ನು ಮಲಗಿಸಿದ್ದರು. ಎದೆಯವರೆಗೆ ಬಿಳಿ ಹೊದಿಕೆ, ಅದರ ಮೇಲೆ ಎರಡು ಕೈ. ಸೋಪು, ನೀರು ಅಂತ ಜೀವಮಾನವಿಡೀ ತೊಳೆದು ತೊಳೆದು ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ ಕೈಗಳು. ಕಡೆಗೆ ಕೈಕೊಟ್ಟಿದ್ದು ಶ್ವಾಸಕೋಶ. ಅದೇನೂ ಯಾರಿಗೂ ಹೊಸ ಸುದ್ದಿಯಾಗಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ಬರುವಾಗ ಬಸ್ಸಿನಲ್ಲೇ ಗಟ್ಟಿ ಮನಸ್ಸು ಮಾಡಿಕೊಂಡಿದ್ದಳು. ಹದಿನೇಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಇವತ್ತು ಗಾಡಿ ಬರುವುದರೊಳಗೆ ಹೇಳಿಬಿಡಬೇಕು. ಸೋಪಕ್ಕನಿಗೇ ಹೇಳಬೇಕಿತ್ತು. ತಿಂಗಳಿಗೊಮ್ಮೆ ಬಂದು, ಗಂಟೆಗಟ್ಟಲೆ ಹರಟಿ, ಆ ಮಾತೊಂದನ್ನು ಬಿಟ್ಟು ಎದ್ದುಹೋಗುತ್ತಿದ್ದಳು. ಇನ್ನು ಉಳಿದವಳೆಂದರೆ ಮಗಳು.

*

ಮಕ್ಕಳೇ ಇಟ್ಟ ಹೆಸರು ಸೋಪಕ್ಕ. ಯಾವಾಗ ನೋಡಿದರೂ ಅವಳ ಮೈಯಿಂದ ಹಳದಿ ಸೋಪಿನ ವಾಸನೆ ಬರುತ್ತಿತ್ತು. ಇಂಥ ಮಡಿವಂತೆ ಇನ್ನೊಬ್ಬಳಿಲ್ಲ ಎಂದು ತಾಯಂದಿರು ಹೊಗಳಿದ್ದೇ ಹೊಗಳಿದ್ದು. ಅಸಲಿ ಸಂಗತಿ ಗೊತ್ತಿದ್ದದ್ದು ಒಬ್ಬಳಿಗೇ.

ದಿನಕ್ಕೆ ಎರಡು ಸಿಗರೇಟು. ಹತ್ತೂವರೆಗೆ ಮಕ್ಕಳು ಹಾಲು ಕುಡಿಯುವಾಗ ಒಂದು, ಮಧ್ಯಾಹ್ನ ಅವು ಮಲಗಿದ ಮೇಲೆ ಒಂದು. ಹಿತ್ತಲಲ್ಲಿ, ನೀರಿನ ತೊಟ್ಟಿಯ ಆಚೆ, ಗೋಡೆಗೆ ಮುಖ ಮಾಡಿ ನಿಂತು ಸೇದುತ್ತಿದ್ದಳು. ಅದಕ್ಕೆಂದೇ ಒಂದು ಹಳೆಯ ಮಳೆಕೋಟು ಮೊಳೆಗೆ ನೇತಾಡುತ್ತಿತ್ತು, ತಲೆಗೆ ಕಟ್ಟಲು ಒಂದು ಬಟ್ಟೆ.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಇನ್‌ಸ್ಪೆಕ್ಟರಮ್ಮ ಅವಳನ್ನು ಹಿಡಿದಿದ್ದಳು.

“ಕೂಸುಗಳು ಮುಖ ಇಟ್ಟು ಮಲಗೋದು ನಿನ್ನ ಕತ್ತಲ್ಲಿ. ನಿನ್ನ ಹೊಗೆ ಅವು ಯಾಕೆ ಕುಡೀಬೇಕು?”

ಜಗಳಕ್ಕೆ ಬರುತ್ತಾಳೆ ಎಂದುಕೊಂಡರೆ ಸೋಪಕ್ಕ ಎರಡೂ ಕೈ ಮುಂದೆ ಚಾಚಿದಳು. “ಹಾಗಾದ್ರೆ ನೀನೇ ಮೂಸಿ ನೋಡು. ನೀನು ಪಾಸು ಅಂದ್ರೇನೇ ನಾನು ಮಕ್ಕಳನ್ನ ಮುಟ್ಟೋದು. ಇವತ್ತಿಂದ ನೀನು ಇನ್‌ಸ್ಪೆಕ್ಟ್ರು.”

ಅಂದಿನಿಂದ ಅದೇ ಕಾನೂನು. ಸೇದಿಯಾದ ಮೇಲೆ ಮೊಣಕೈವರೆಗೆ ಸೋಪು, ಮುಖಕ್ಕೆ, ಕತ್ತಿಗೆ ಸೋಪು, ಬಾಯಿ ಮುಕ್ಕಳಿಸಿ ಒಂದು ಲವಂಗ. ಆಮೇಲೆ ಬಾಗಿಲಲ್ಲಿ ಬಂದು ನಿಲ್ಲುವುದು. ಇನ್‌ಸ್ಪೆಕ್ಟರಮ್ಮ ಕೈ ಮೂಸಿ, ಕೂದಲು ಮೂಸಿ, “ಫೇಲು” ಎಂದರೆ ಮತ್ತೆ ನಲ್ಲಿಗೆ.

“ಇದೇನು ಮೂಗೇ ನಿಂದು? ಅರ್ಧ ಮಾರ್ಕ್ಸೂ ಬಿಟ್ಟುಕೊಡಲ್ವಲ್ಲ,” ಎಂದು ಗೊಣಗುತ್ತ ಹೋಗಿ ತೊಳೆದುಕೊಂಡು ಬರುತ್ತಿದ್ದಳು.

ಇದನ್ನು ನೋಡಿ ನೋಡಿ ಮಕ್ಕಳಿಗೂ ಹುಚ್ಚು ಹಿಡಿಯಿತು. ಊಟಕ್ಕೆ ಮುಂಚೆ ಕೈ ತೊಳೆದು ಸೋಪಕ್ಕನ ಹಿಂದೆ ಸಾಲಾಗಿ ನಿಂತು, ನೀರು ತೊಟ್ಟಿಕ್ಕುವ ಪುಟ್ಟ ಕೈಗಳನ್ನು ಚಾಚಿ, “ನಂಗೂ ಪಾಸು, ನಂಗೂ ಪಾಸು” ಎಂದು ಕಾಯುತ್ತಿದ್ದವು. ಇಪ್ಪತ್ತು ಜೊತೆ ಕೈಗಳನ್ನು ಇನ್‌ಸ್ಪೆಕ್ಟರಮ್ಮ ಗಂಭೀರವಾಗಿ ಮೂಸುತ್ತಿದ್ದಳು. ಅಂಥ ಸುಖದ ಕೆಲಸ ಅವಳಿಗೆ ಮತ್ತೆ ಸಿಗಲಿಲ್ಲ.

*

ಆ ಸಾಲಿನಲ್ಲಿ ಯಾವತ್ತೂ ಕೊನೆಗೆ ನಿಲ್ಲುತ್ತಿದ್ದವಳು ಗುಬ್ಬಿ. ಮೂರು ವರ್ಷದ ಹುಡುಗಿ, ಕಡ್ಡಿಯಂಥ ಕೈಕಾಲು, ಆಗಾಗ ಉಬ್ಬಸ. ಮಲಗಿ ಎದ್ದರೆ ಸೋಪಕ್ಕನೇ ಎತ್ತಿಕೊಳ್ಳಬೇಕು, ಬೇರೆ ಯಾರಾದರೂ ಮುಟ್ಟಿದರೆ ರಂಪ.

ಹದಿನೇಳು ವರ್ಷದ ಹಿಂದಿನ ಆ ದಿನ ಬೆಳಿಗ್ಗೆಯಿಂದ ಇನ್‌ಸ್ಪೆಕ್ಟರಮ್ಮನಿಗೆ ನೆಗಡಿ. ಎರಡೂ ಹೊಳ್ಳೆ ಕಟ್ಟಿ, ಊಟದ ರುಚಿಯೂ ಗೊತ್ತಾಗಿರಲಿಲ್ಲ. ರಜೆ ಹಾಕೋಣವೆಂದರೆ ಆಯಾ ಒಬ್ಬಳು ಬಂದಿರಲಿಲ್ಲ. ಮಧ್ಯಾಹ್ನ ಸೋಪಕ್ಕ ಬಾಗಿಲಲ್ಲಿ ಕೈ ಚಾಚಿ ನಿಂತಾಗ ಒಳಗೆ ಗುಬ್ಬಿ ಎದ್ದು ಅಳುತ್ತಿದ್ದಳು, ಇನ್ನೂ ಎರಡು ಮಕ್ಕಳು ರಾಗ ತೆಗೆದಿದ್ದವು. ಇನ್‌ಸ್ಪೆಕ್ಟರಮ್ಮ ಬಗ್ಗಿ ಮೂಸಿದ ಹಾಗೆ ಮಾಡಿದಳು. ವಾಸನೆ ಹೋಗಲಿ, ಗಾಳಿಯೇ ಒಳಗೆ ಹೋಗಲಿಲ್ಲ.

“ಪಾಸು, ನಡಿ.”

ಗುಬ್ಬಿ ಸೋಪಕ್ಕನ ಕತ್ತಿಗೆ ಮುಖ ಒತ್ತಿಕೊಂಡು ಸಮಾಧಾನವಾದಳು. ಅರ್ಧ ಗಂಟೆಯೊಳಗೆ ಎದೆ ಸೀಟಿ ಹಾಕತೊಡಗಿತು, ಸಂಜೆಯ ಹೊತ್ತಿಗೆ ತುಟಿ ನೀಲಿ. ಮೂರು ದಿನ ಆಸ್ಪತ್ರೆ.

ಹೊಗೆಯ ವಾಸನೆಗೂ ಹೀಗಾಗಬಹುದು, ಧೂಳಿಗೂ ಆಗಬಹುದು, ಯಾರಿಂದಲಾದರೂ ನೆಗಡಿ ಅಂಟಿದ್ದರೂ ಆಗಬಹುದು, ಇಂಥದ್ದೇ ಎಂದು ಹೇಳಲಾಗದು ಎಂದರು ಡಾಕ್ಟರು. ಕೇಳಿಸಿಕೊಂಡವರು ಅವರವರಿಗೆ ಬೇಕಾದ್ದನ್ನು ಆರಿಸಿಕೊಂಡರು. ಸೋಪಕ್ಕ ಹೊಗೆಯನ್ನು ಆರಿಸಿಕೊಂಡಳು. ಮೇಲ್ವಿಚಾರಕಿಯ ಮುಂದೆ ತಾನೇ ಹೋಗಿ ಎಲ್ಲ ಒಪ್ಪಿಕೊಂಡು, ಮಕ್ಕಳ ಕೋಣೆ ಬೇಡ, ಬಟ್ಟೆ ಒಗೆಯುವ ಕೋಣೆಗೆ ಹಾಕಿ ಎಂದು ಕೇಳಿಕೊಂಡಳು.

“ಸಿಗರೇಟು ಬಿಡೋಣ ಅಂತ ನೋಡ್ದೆ, ಆಗ್ಲಿಲ್ಲ ಕಣೇ,” ಎಂದಳು ಇನ್‌ಸ್ಪೆಕ್ಟರಮ್ಮನಿಗೆ. “ಅದಕ್ಕೆ ಮಕ್ಕಳನ್ನೇ ಬಿಟ್ಟೆ.”

ನನಗೆ ನೆಗಡಿಯಾಗಿತ್ತು, ಮೂಸಲೇ ಇಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಆಮೇಲೆ ನಿವೃತ್ತಿಯಾಗುವವರೆಗೆ ಒಂಬತ್ತು ವರ್ಷ ಸೋಪಕ್ಕ ಮಕ್ಕಳ ಪುಟ್ಟ ಪುಟ್ಟ ಹೊದಿಕೆಗಳನ್ನು ಒಗೆದು, ಮಡಿಸಿ, ಕೋಣೆಯ ಹೊಸ್ತಿಲಲ್ಲಿಟ್ಟು ಹಿಂದಕ್ಕೆ ಹೋದಳು. ಹೊಸ್ತಿಲು ದಾಟಲಿಲ್ಲ.

*

ಹತ್ತೂವರೆಗೆ ಎತ್ತರದ ಹುಡುಗಿಯೊಬ್ಬಳು ಒಳಗೆ ಬಂದಳು. ಸೋಪಕ್ಕನ ಕಾಲ ಬಳಿ ಹೂವಿಟ್ಟು, ಇನ್‌ಸ್ಪೆಕ್ಟರಮ್ಮನನ್ನು ನೋಡಿ, “ಟೀಚರ್, ನಾನು ಗುಬ್ಬಿ,” ಎಂದಳು. ಗುಬ್ಬಿ ಎನ್ನಲು ಈಗ ಏನೂ ಉಳಿದಿರಲಿಲ್ಲ.

ಹಿತ್ತಲಲ್ಲಿ ಮಗಳು ಬಂದವರಿಗೆ ಕೊಟ್ಟ ಲೋಟಗಳನ್ನು ತೊಳೆಯುತ್ತಿದ್ದಳು. ಇಬ್ಬರೂ ಅವಳ ಬಳಿ ಹೋಗಿ ನಿಂತರು. ಗುಬ್ಬಿ ಒಂದು ಲೋಟ ತೆಗೆದುಕೊಂಡು ಒರೆಸತೊಡಗಿದಳು.

“ನಂಗೆ ಆಸ್ಪತ್ರೆ ನೆನಪೇ ಇಲ್ಲ,” ಎಂದಳು. “ಸೋಪಿನ ವಾಸನೆ ಮಾತ್ರ ಚೆನ್ನಾಗಿ ನೆನಪಿದೆ. ಈಗ್ಲೂ ಕೈ ತೊಳೆದ್ರೆ ಮೂಸಿ ನೋಡ್ಕೋತೀನಿ, ಎಲ್ರೂ ನಗ್ತಾರೆ. ನನ್ನಿಂದ ತಾನೇ ಅಕ್ಕಾ, ನಿಮ್ಮಮ್ಮ ಮಕ್ಕಳ ಕೋಣೆ ಬಿಟ್ಟಿದ್ದು? ನಮ್ಮಮ್ಮ ಹೇಳ್ತಿದ್ರು.”

ಇನ್‌ಸ್ಪೆಕ್ಟರಮ್ಮನಿಗೆ ಈ ಮಗುವೂ ಆ ತಪ್ಪನ್ನು ಹೊತ್ತುಕೊಂಡು ತಿರುಗುತ್ತಿದೆಯಲ್ಲ ಎನ್ನಿಸಿದ ಮೇಲೆ ತಡೆದುಕೊಳ್ಳಲಾಗಲಿಲ್ಲ.

“ನಿನ್ನಿಂದಲ್ಲ ಪುಟ್ಟಾ. ನನ್ನಿಂದ. ಅವತ್ತು ನಂಗೆ ನೆಗಡಿ. ಮೂಗು ಕಟ್ಟಿತ್ತು. ವಾಸನೆ ಗೊತ್ತಾಗ್ದೇನೇ ಪಾಸು ಅಂದ್ಬಿಟ್ಟೆ.” ಮಗಳ ಕಡೆ ತಿರುಗಿದಳು. “ನಿಮ್ಮಮ್ಮಂಗೆ ಹೇಳಲೇ ಇಲ್ಲ ಕಣಮ್ಮಾ. ನನ್ನ ತಪ್ಪನ್ನ ಅವಳು ತಲೆ ಮೇಲೆ ಹೊತ್ಕೊಂಡ್ಲು, ನಾನು ನೋಡ್ತಾ ನಿಂತೆ.”

ಮಗಳು ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯಲ್ಲೇ ಇನ್‌ಸ್ಪೆಕ್ಟರಮ್ಮನ ಕೈ ಹಿಡಿದಳು.

“ಅಮ್ಮಂಗೆ ಗೊತ್ತಿತ್ತು ಚಿಕ್ಕಮ್ಮ.”

“ಏನು ಗೊತ್ತಿತ್ತು?”

“ನಿಮಗೆ ನೆಗಡಿ ಅಂತ. ಬೆಳಿಗ್ಗೆನೇ ನೋಡಿದ್ಲಂತೆ, ಮೂಗು ಕೆಂಪಗಾಗಿತ್ತಂತೆ. ಇವತ್ತು ಹೇಗಿದ್ರೂ ಪಾಸು ಅಂತ ಸೋಪು ಹಚ್ಚದೇನೇ ಬಂದು ನಿಂತ್ಲಂತೆ. ಅಷ್ಟು ವರ್ಷದಲ್ಲಿ ಅದೊಂದೇ ದಿನ. ಹೋದ ತಿಂಗಳು ಹೇಳಿದ್ಲು.”

“ನಂಗ್ಯಾಕೆ ಹೇಳ್ಲಿಲ್ಲ?”

“ನಾನೂ ಅದನ್ನೇ ಕೇಳ್ದೆ. ಹೇಳಿದ್ರೆ ಇನ್‌ಸ್ಪೆಕ್ಟ್ರು ಮತ್ತೆ ಈ ಕಡೆ ತಲೆ ಹಾಕಲ್ಲ, ನಂಗಿರೋದು ಅವಳೊಬ್ಳೇ ಗೆಳತಿ ಅಂದ್ಲು.”

ಇನ್‌ಸ್ಪೆಕ್ಟರಮ್ಮ ಒಗೆಯುವ ಕಲ್ಲಿನ ಮೇಲೆ ಕೂತಳು. ಸಿಟ್ಟು ಬಂತು, ಅಳು ಬಂತು, ನಗುವೂ ಬಂತು. ತಿಂಗಳಿಗೊಮ್ಮೆ ಎದುರುಬದುರು ಕೂತು, ಇಬ್ಬರೂ ಅದೊಂದನ್ನೇ ಬಚ್ಚಿಟ್ಟುಕೊಂಡು ಊರ ಸುದ್ದಿಯನ್ನೆಲ್ಲ ಆಡಿದ್ದರಲ್ಲ. “ಕಳ್ಳಿ,” ಎಂದಳು, “ಕಳ್ಳಿ,” ಎಂದಳು, ಮತ್ತೆ ಮುಖ ಮುಚ್ಚಿಕೊಂಡು ಮನಸಾರೆ ಅತ್ತಳು. ಗುಬ್ಬಿ ಅವಳ ಬೆನ್ನು ಸವರುತ್ತ ನಿಂತಳು.

ಬೀದಿಯಲ್ಲಿ ಗಾಡಿ ನಿಂತ ಸದ್ದಾಯಿತು. ಎತ್ತುವವರು ನಾಲ್ಕು ಜನ ನಡುಮನೆಗೆ ಬಂದರು.

“ಒಂದ್ನಿಮಿಷ ಇರಪ್ಪಾ,” ಎಂದು ಇನ್‌ಸ್ಪೆಕ್ಟರಮ್ಮ ಅವರ ನಡುವೆ ನುಗ್ಗಿದಳು. ಅಳಿಯ ಎಲ್ಲರನ್ನೂ ಹಿಂದೆ ಸರಿಸಿ ಜಾಗ ಮಾಡಿಕೊಟ್ಟ.

ಅವಳು ಮಂಡಿಯೂರಿ ಕೂತು ಸೋಪಕ್ಕನ ಎರಡೂ ಕೈಗಳನ್ನು ಎತ್ತಿ, ಮೂಗಿನ ಹತ್ತಿರ ತಂದು, ಉಸಿರೆಳೆದಳು. ಅತ್ತು ಅತ್ತು ಮೂಗು ಕಟ್ಟಿತ್ತು. ಸೋಪೂ ಇಲ್ಲ, ಹೊಗೆಯೂ ಇಲ್ಲ, ಮೂಗಿನ ತುದಿಗೆ ತಣ್ಣನೆಯ ಬೆರಳುಗಳಷ್ಟೇ ತಾಗಿದವು.

“ಪಾಸು,” ಎಂದಳು. “ನಡಿ.”